ತಲೆನೋವಿಗೆ ಮಾತ್ರೆಯೊಂದೇ ಮದ್ದಲ್ಲ



ನಮ್ಮ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲ, ಮಕ್ಕಳ ಓದು ಎಲ್ಲದರ ಬಗ್ಗೆ ಮಾತಾಡುತ್ತೇವೆ. ಆದರೆ ನಮ್ಮ ದೇಹದ ಬಗ್ಗೆ ಮಾತಾಡುವುದು ಕಡಿಮೆ. "ತಲೆ ಸಿಡೀತಾ ಇದೆ" ಅಂತ ಯಾರಾದರೂ ಅಂದರೆ, "ಒಂದು ಮಾತ್ರೆ ನುಂಗು, ಸರಿಹೋಗುತ್ತೆ" ಅನ್ನುವ ಉತ್ತರ ತಕ್ಷಣ ಬರುತ್ತದೆ. ಬೀದಿ ಕೊನೆಯ ಪೆಟ್ಟಿಗೆ ಅಂಗಡಿಯಲ್ಲೂ ಮಾತ್ರೆ ಸಿಗುತ್ತದೆ. ನುಂಗುತ್ತೇವೆ, ಮತ್ತೆ ಕೆಲಸಕ್ಕೆ ಇಳಿಯುತ್ತೇವೆ. ನೋವು ಯಾಕೆ ಬಂತು ಅಂತ ಕೇಳುವುದಕ್ಕೆ ಪುರಸೊತ್ತೇ ಇರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆ ಮನೆಗೆ ಹೋಗಿ ಒಂದು ಸಮೀಕ್ಷೆ ಮಾಡಿ, 2014ರಲ್ಲಿ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 64 ಜನರಿಗೆ ತಲೆನೋವು ಬಂದಿತ್ತು. ನೂರಕ್ಕೆ 25 ಜನರಿಗೆ ಅರೆತಲೆನೋವು ಇತ್ತು. ಅರೆತಲೆನೋವು ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚಾಗಿ ಕಂಡುಬಂತು. ಅಂದರೆ ಇದು ನಮ್ಮದೇ ವಿಷಯ. ಮಾತ್ರೆ ಇಲ್ಲದೆ ತಲೆನೋವನ್ನು ಹೇಗೆ ಕಡಿಮೆ ಮಾಡಿಕೊಳ್ಳಬಹುದು, ಯಾವ ತಲೆನೋವಿಗೆ ಮನೆಮದ್ದು ಸಾಲದು, ಇವೆರಡನ್ನೂ ಈ ಬಾರಿ ತಿಳಿದುಕೊಳ್ಳೋಣ.

ನೋಯುವುದು ಏನು?

ಮಿದುಳಿಗೆ ಸ್ವತಃ ನೋವಿನ ಅರಿವು ಇಲ್ಲ. ನೋಯುವುದು ಮಿದುಳಿನ ಸುತ್ತಲಿನ ಪೊರೆ, ರಕ್ತನಾಳಗಳು, ತಲೆ ಮತ್ತು ಕತ್ತಿನ ಸ್ನಾಯುಗಳು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆಯ ತಲೆನೋವು.

ಮೊದಲನೆಯದು ಬಿಗಿತದ ತಲೆನೋವು. ತಲೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಎರಡೂ ಕಡೆ ಹಿಡಿದುಕೊಳ್ಳುತ್ತದೆ. ಕತ್ತು, ಹೆಗಲು ಕೂಡ ನೋಯುತ್ತದೆ. ಕಷ್ಟಪಟ್ಟು ಕೆಲಸ ಮಾಡಬಹುದು.

ಎರಡನೆಯದು ಅರೆತಲೆನೋವು, ಡಾಕ್ಟರು ಮೈಗ್ರೇನ್ ಅನ್ನುತ್ತಾರೆ. ಸಾಮಾನ್ಯವಾಗಿ ತಲೆಯ ಒಂದು ಕಡೆ ಟಕ್ ಟಕ್ ಎಂದು ಬಡಿದ ಹಾಗೆ ನೋವು, ಹೊಟ್ಟೆ ತೊಳೆಸುವುದು, ವಾಂತಿ. ಬೆಳಕು, ಸದ್ದು ಬೇಡವಾಗುತ್ತದೆ. 4 ಗಂಟೆಯಿಂದ ಹಿಡಿದು 3 ದಿನದವರೆಗೂ ಇರಬಹುದು. ಕೆಲವರಿಗೆ ನೋವು ಬರುವ ಮೊದಲು ಕಣ್ಣೆದುರು ಬೆಳಕಿನ ಅಂಕುಡೊಂಕು ಗೆರೆಗಳು ಕಾಣುತ್ತವೆ. ಅನೇಕ ಹೆಂಗಸರಿಗೆ ಮುಟ್ಟಿನ ದಿನಗಳ ಹತ್ತಿರ ಇದು ಬರುತ್ತದೆ. ಇದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ. ನಿಜವಾದ ಕಾಯಿಲೆ. ಮನೆಯವರಿಗೆ ಇದನ್ನು ಓದಿ ಹೇಳಿ.

ಮಾತ್ರೆ ಕೈಸಾಲ ಇದ್ದ ಹಾಗೆ

ತೀರಾ ಅಗತ್ಯ ಬಿದ್ದಾಗ ವೈದ್ಯರು ಹೇಳಿದ ಪ್ರಮಾಣದಲ್ಲಿ ಒಂದು ಮಾತ್ರೆ ನುಂಗುವುದು ತಪ್ಪಲ್ಲ. ಆದರೆ ಅದು ಕೈಸಾಲದ ಹಾಗೆ. ಅಪರೂಪಕ್ಕೆ ತೆಗೆದುಕೊಂಡರೆ ಉಪಕಾರ, ದಿನಾ ತೆಗೆದುಕೊಂಡರೆ ಬಡ್ಡಿಯೇ ಅಸಲನ್ನು ಮೀರುತ್ತದೆ.

ಸಾದಾ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳ ಮೇಲೆ ನುಂಗುತ್ತಾ ಬಂದರೆ ಆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಎರಡು ಮೂರು ಔಷಧಿ ಅಥವಾ ಕಾಫಿಯಲ್ಲಿರುವ ಕೆಫೀನ್ ಸೇರಿಸಿ ಮಾಡಿದ ಮಾತ್ರೆಗಳಾದರೆ ತಿಂಗಳಿಗೆ 10 ದಿನವೇ ಸಾಕು. ಮಾತ್ರೆಯ ಶಕ್ತಿ ಇಳಿದ ಹಾಗೆ ನೋವು ಏರುತ್ತದೆ, ಮತ್ತೆ ಮಾತ್ರೆ ಬೇಕು ಅನಿಸುತ್ತದೆ. ಇದರ ಜೊತೆಗೆ ಕೆಲವು ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಹೀಗೆ ಸಿಕ್ಕಿಕೊಂಡವರು ಹೊರಗೆ ಬರಬಹುದು. ಮಾತ್ರೆ ನಿಲ್ಲಿಸಿದ ಮೊದಲ ಕೆಲವು ದಿನ ನೋವು ಜಾಸ್ತಿಯಾಗುತ್ತದೆ, ಆಮೇಲೆ ಬಹುಮಂದಿಗೆ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ವೈದ್ಯರ ಸಲಹೆ ಪಡೆದೇ ನಿಲ್ಲಿಸಿ. ಒಂದು ಮಾತು ನೆನಪಿರಲಿ: ನಾವು ಹೇಳುತ್ತಿರುವುದು ನೋವಿನ ಮಾತ್ರೆಯ ಬಗ್ಗೆ ಮಾತ್ರ. ಬಿ.ಪಿ., ಸಕ್ಕರೆ ಕಾಯಿಲೆ, ಫಿಟ್ಸ್ ಇವುಗಳ ಮಾತ್ರೆಯನ್ನು ಎಂದೂ ತಾವಾಗಿ ನಿಲ್ಲಿಸಬಾರದು.

ಮೊದಲು ಕಾರಣ ಹುಡುಕೋಣ

ನಮ್ಮ ದಿನಚರಿಯಲ್ಲೇ ತಲೆನೋವಿನ ಬೇರು ಇರುತ್ತದೆ. ಒಂದೊಂದಾಗಿ ನೋಡೋಣ.

ನೀರು: ಹೊಲಕ್ಕೆ, ಕೂಲಿಗೆ ಹೋದ ಕಡೆ ಶೌಚಾಲಯ ಇರುವುದಿಲ್ಲವೆಂದು ಅನೇಕರು ನೀರನ್ನೇ ಕುಡಿಯುವುದಿಲ್ಲ. ಬಿಸಿಲಿನಲ್ಲಿ ಬೆವರು ಸುರಿದು, ನೀರು ಒಳಗೆ ಹೋಗದಿದ್ದರೆ ತಲೆ ನೋಯದೆ ಇರುತ್ತದೆಯೇ? ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದು ಅರ್ಥ. ಬಾಟಲಿಯಲ್ಲಿ ನೀರು ಒಯ್ಯಿರಿ. ನೀರುಮಜ್ಜಿಗೆ, ರಾಗಿ ಅಂಬಲಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಎಲ್ಲವೂ ಒಳ್ಳೆಯದು.

ಊಟ: ಗಂಡ ಮಕ್ಕಳಿಗೆ ಬಡಿಸಿ, ಡಬ್ಬಿ ಕಟ್ಟಿ ಕಳಿಸಿ, ತಾನು ಹನ್ನೊಂದು ಗಂಟೆಗೆ ಬರೀ ಟೀ ಕುಡಿಯುವ ತಾಯಂದಿರು ಎಷ್ಟು ಮಂದಿ! ಹೊಟ್ಟೆ ಖಾಲಿ ಇದ್ದರೆ ಅರೆತಲೆನೋವು ಕೆರಳುತ್ತದೆ. ಬೆಳಿಗ್ಗೆ ಒಂದು ರೊಟ್ಟಿಯಾದರೂ, ಒಂದು ಮುದ್ದೆಯಾದರೂ ತಿಂದೇ ಮನೆಯಿಂದ ಹೊರಡಿ. ಉಪವಾಸ ಇರುವ ದಿನಗಳಲ್ಲಿ ತಲೆನೋವು ಬರುವವರು ಪೂರ್ತಿ ಬರಿ ಹೊಟ್ಟೆಯಲ್ಲಿ ಇರಬೇಡಿ.

ಕಾಫಿ, ಟೀ: ದಿನಕ್ಕೆ ಐದಾರು ಲೋಟ ಕುಡಿಯುವವರಿಗೆ ಒಂದು ದಿನ ತಪ್ಪಿದರೆ ಅದರಿಂದಲೇ ತಲೆನೋವು. ಒಮ್ಮೆಗೇ ಬಿಡಬೇಡಿ. ವಾರಕ್ಕೆ ಒಂದು ಲೋಟದಂತೆ ಕಡಿಮೆ ಮಾಡುತ್ತಾ ಎರಡು ಲೋಟಕ್ಕೆ ತಂದು ನಿಲ್ಲಿಸಿ.

ನಿದ್ದೆ: ಎಲ್ಲರಿಗಿಂತ ಕೊನೆಗೆ ಮಲಗಿ, ಎಲ್ಲರಿಗಿಂತ ಮೊದಲು ಏಳುವವಳು ತಾಯಿ. ರಾತ್ರಿ ಟಿ.ವಿ. ಧಾರಾವಾಹಿ, ಮೊಬೈಲು ಉಳಿದ ನಿದ್ದೆಯನ್ನೂ ನುಂಗುತ್ತವೆ. ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಎದ್ದರೆ ಅರೆತಲೆನೋವು ಕಡಿಮೆಯಾಗುತ್ತದೆ.

ಹೊಗೆ: ಸೌದೆ ಒಲೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದಕ್ಕೆ ವಾಸನೆ ಇಲ್ಲ. ಅಡಿಗೆ ಮನೆಯಲ್ಲಿ ತಲೆ ಭಾರವಾಗಿ, ಹೊರಗೆ ಬಂದರೆ ಹಗುರವಾಗುತ್ತದೆ ಅಂದರೆ ಹೊಗೆಯನ್ನೇ ಅನುಮಾನಿಸಿ. ಕಿಟಕಿ, ಹೊಗೆಗಂಡಿ ತೆರೆದಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯಂಥ ಕೊಳವೆ ಇರುವ ಒಲೆಯಾದರೆ ಹೊಗೆ ಹೊರಗೆ ಹೋಗುತ್ತದೆ. ಗ್ಯಾಸ್ ಇದ್ದವರು ಬೇಳೆ ಬೇಯಿಸಲಾದರೂ ಅದನ್ನು ಬಳಸಿ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಲೇಬೇಡಿ. ತಲೆನೋವಲ್ಲ, ಪ್ರಾಣವೇ ಹೋಗುತ್ತದೆ.

ಹೊರೆ ಮತ್ತು ಬಗ್ಗಿದ ಕತ್ತು: 15 ಲೀಟರಿನ ಕೊಡ ಅಂದರೆ ತಲೆಯ ಮೇಲೆ 15 ಕಿಲೋ. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ಅಗರಬತ್ತಿ ಹೊಸೆಯುವುದು, ಹೊಲಿಗೆ ಯಂತ್ರ, ಇವೆಲ್ಲ ಗಂಟೆಗಟ್ಟಲೆ ಕತ್ತು ಬಗ್ಗಿಸಿ ಮಾಡುವ ಕೆಲಸ. ಅರ್ಧ ಗಂಟೆಗೊಮ್ಮೆ ತಲೆ ಎತ್ತಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಸಾಧ್ಯವಾದರೆ ಸಾಮಾನನ್ನು ಮಣೆಯ ಮೇಲೆ ಎತ್ತರಿಸಿಟ್ಟುಕೊಳ್ಳಿ. ಬಿಗಿಯಾದ ಜಡೆ, ಬಿಗಿ ತುರುಬಿನಿಂದಲೂ ಕೆಲವರಿಗೆ ತಲೆ ನೋಯುತ್ತದೆ.

ಹೊಲದ ಔಷಧಿ, ಹೊಗೆಸೊಪ್ಪು: ಕೀಟನಾಶಕ ಹೊಡೆದ ದಿನ ತಲೆನೋವು, ವಾಂತಿ, ಬೆವರು, ಕಣ್ಣು ಮಂಜಾಗುವುದು ಬಂದರೆ ಅದು ವಿಷ ಏರಿದ ಗುರುತು. ಹುಣಸೂರು, ಪಿರಿಯಾಪಟ್ಟಣದ ಕಡೆ ಇಬ್ಬನಿ ಬಿದ್ದ ಹಸಿ ಹೊಗೆಸೊಪ್ಪು ಕೊಯ್ಯುವವರಿಗೂ ಚರ್ಮದ ಮೂಲಕ ನಿಕೋಟಿನ್ ಇಳಿದು ಹೀಗೇ ಆಗುತ್ತದೆ. ಎರಡರಲ್ಲೂ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಸೋಪು ಹಚ್ಚಿ ಮೈ ತೊಳೆದು ಆಸ್ಪತ್ರೆಗೆ ಹೋಗಿ. ಕೊಯ್ಯುವಾಗ ತುಂಬು ತೋಳಿನ ಅಂಗಿ, ಕೈಗವಸು ಇರಲಿ.

ಕಣ್ಣು: ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸುವುದು, ಪಾಸ್‌ಬುಕ್ ಓದುವುದು ಕಷ್ಟವಾದರೆ ಕಣ್ಣಿಗೆ ಶ್ರಮ ಬೀಳುತ್ತದೆ, ಹಣೆ ನೋಯುತ್ತದೆ. "ಈ ವಯಸ್ಸಲ್ಲಿ ನನಗ್ಯಾಕೆ ಕನ್ನಡಕ" ಅಂತ ನಾಚಿಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ, ನೇತ್ರ ಶಿಬಿರಗಳಲ್ಲಿ ತಪಾಸಣೆ ಮಾಡಿಸಿ.

ರಕ್ತಹೀನತೆ: 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಸುಸ್ತು, ಏದುಸಿರು, ತಲೆನೋವು ಮೂರೂ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ನುಗ್ಗೆಸೊಪ್ಪು, ರಾಗಿ, ಕಾಳುಗಳು, ಮೊಟ್ಟೆ, ಮಾಂಸ ತಿನ್ನಿ. ಊಟದ ಜೊತೆ ನಿಂಬೆ ಹುಳಿ ಇರಲಿ, ಊಟವಾದ ಕೂಡಲೇ ಟೀ ಬೇಡ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನೋವಿನ ಮಾತ್ರೆಯಲ್ಲ. ಅದನ್ನು ಬಿಡಬೇಡಿ.

ಮನಸ್ಸಿನ ಭಾರ: ಸಾಲದ ಚಿಂತೆ, ಮನೆಯಲ್ಲಿ ಕುಡಿತ, ಜಗಳ, ಇವೂ ತಲೆಗೇ ಏರುತ್ತವೆ. ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಸಂಘ ಇರುವುದು ಬರೀ ದುಡ್ಡಿಗಲ್ಲ. ಮನಸ್ಸು ತುಂಬ ಕುಗ್ಗಿದ್ದರೆ ಸರಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ, ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಬಹುದು.

ನೋವು ಬಂದಾಗ ಮನೆಯಲ್ಲೇ ಏನು ಮಾಡಬಹುದು?

1. ಮೊದಲು ಒಂದೆರಡು ಲೋಟ ನೀರು ನಿಧಾನವಾಗಿ ಕುಡಿಯಿರಿ. ಊಟ ಮಾಡಿ ನಾಲ್ಕೈದು ಗಂಟೆ ಆಗಿದ್ದರೆ ಏನಾದರೂ ತಿನ್ನಿ.

2. ಅರೆತಲೆನೋವಾದರೆ ಕತ್ತಲೆ ಕೋಣೆಯಲ್ಲಿ, ಸದ್ದಿಲ್ಲದ ಕಡೆ ಮಲಗಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಣೆ ಮತ್ತು ಕತ್ತಿನ ಮೇಲೆ 15 ನಿಮಿಷ ಇಡಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು, ನೇರವಾಗಿ ಇಡಬಾರದು. ನೋವು ಶುರುವಾದ ಕೂಡಲೇ ಮಲಗಿದರೆ ಬೇಗ ಇಳಿಯುತ್ತದೆ.

3. ಬಿಗಿತದ ತಲೆನೋವಾದರೆ ಕತ್ತು, ಹೆಗಲಿಗೆ ಬಿಸಿನೀರಿನ ಬಟ್ಟೆಯ ಶಾಖ ಕೊಡಿ. ಜಡೆ ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ ಕಪಾಳದ ಪಕ್ಕ, ಕತ್ತಿನ ಹಿಂದೆ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿಸಿಕೊಳ್ಳಿ.

4. ಕತ್ತಿನ ವ್ಯಾಯಾಮ: ನೆಟ್ಟಗೆ ಕೂತು ಹೆಗಲನ್ನು ಕಿವಿಯ ಕಡೆಗೆ ಎತ್ತಿ, ಐದು ಎಣಿಸಿ, ಸಡಿಲ ಬಿಡಿ. ಹೀಗೆ ಐದು ಸಲ. ಆಮೇಲೆ ತಲೆಯನ್ನು ನಿಧಾನವಾಗಿ ಬಲ ಹೆಗಲಿಗೆ, ನಂತರ ಎಡ ಹೆಗಲಿಗೆ ವಾಲಿಸಿ. ಜಗ್ಗಬಾರದು, ಗಿರಗಿರನೆ ತಿರುಗಿಸಬಾರದು.

5. ಉಸಿರಾಟ: ಕಣ್ಣು ಮುಚ್ಚಿ, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ಹತ್ತು ನಿಮಿಷ ಮಾಡಿ. ದಿನವೂ ಮಾಡಿದರೆ ನೋವು ಬರುವುದೇ ಕಡಿಮೆಯಾಗುತ್ತದೆ.

6. ಪುದೀನ ಎಣ್ಣೆ, ಅದರ ಅಂಶ ಇರುವ ಮುಲಾಮನ್ನು ಹಣೆಗೆ ತೆಳುವಾಗಿ ಹಚ್ಚಬಹುದು. ಬಿಗಿತದ ನೋವಿಗೆ ಇದು ಉಪಯೋಗ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಕಣ್ಣಿಗೆ ತಾಗಬಾರದು. ಹಸುಗೂಸುಗಳ ಮುಖ, ಮೂಗಿನ ಹತ್ತಿರ ಹಚ್ಚಲೇಬೇಡಿ.

7. ಹೊಟ್ಟೆ ತೊಳೆಸುತ್ತಿದ್ದರೆ ಬೆರಳ ತುದಿಯಷ್ಟು ಶುಂಠಿ ಜಜ್ಜಿ, ನೀರಿಗೆ ಹಾಕಿ ಕುದಿಸಿ, ಬೆಲ್ಲ ಸೇರಿಸಿ ಕುಡಿಯಿರಿ. ವಾಕರಿಕೆಗೆ ಶುಂಠಿ ಒಳ್ಳೆಯದು.

8. ನೆಗಡಿ ಕಟ್ಟಿಕೊಂಡು ಹಣೆ ಭಾರವಾಗಿದ್ದರೆ ಬಿಸಿನೀರಿನ ಹಬೆ ಸಾಕು. ಪಾತ್ರೆಯನ್ನು ನೆಲದ ಮೇಲೆ ಗಟ್ಟಿಯಾಗಿ ಇಟ್ಟು, ಮಕ್ಕಳನ್ನು ದೂರ ಇರಿಸಿ.

ದಿನಾ ಅರ್ಧ ಗಂಟೆ ಬಿರುಸು ನಡಿಗೆ, ಯೋಗಾಸನ ಇವೂ ಸಹಾಯ ಮಾಡುತ್ತವೆ. ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಔಷಧಿ ತೆಗೆದುಕೊಂಡ ಅರೆತಲೆನೋವಿನ ರೋಗಿಗಳಿಗಿಂತ ಔಷಧಿಯ ಜೊತೆ ಮೂರು ತಿಂಗಳು ಯೋಗ ಮಾಡಿದವರಿಗೆ ತಲೆನೋವು ಬರುವುದು ಹೆಚ್ಚು ಕಡಿಮೆಯಾಗಿತ್ತು. "ದಿನವಿಡೀ ಕೆಲಸ ಮಾಡ್ತೀವಲ್ಲ, ಇನ್ನೆಂಥ ವ್ಯಾಯಾಮ" ಅನ್ನಬಹುದು. ಬಗ್ಗಿ ಮಾಡುವ ಕೆಲಸ ದೇಹವನ್ನು ದಣಿಸುತ್ತದೆ, ನೆಟ್ಟಗೆ ನಿಂತು ನಡೆಯುವುದು ಸಡಿಲ ಮಾಡುತ್ತದೆ.

ಇವನ್ನು ಮಾಡಬೇಡಿ

ಹಣೆಗೆ ಸುಣ್ಣ ಹಚ್ಚುವುದು, ಬರೆ ಹಾಕುವುದು ಕೆಲವು ಕಡೆ ಇನ್ನೂ ಇದೆ. ಚರ್ಮ ಸುಡುತ್ತದೆಯೇ ಹೊರತು ನೋವಿನ ಕಾರಣ ಹೋಗುವುದಿಲ್ಲ. ಸೊಪ್ಪಿನ ರಸವನ್ನು ಕಣ್ಣಿಗೆ, ಮೂಗಿಗೆ, ಕಿವಿಗೆ ಬಿಡಬೇಡಿ. ನಶ್ಯ, ಹೊಗೆಸೊಪ್ಪಿನಿಂದ ತಲೆನೋವು ಹೋಗುತ್ತದೆ ಎನ್ನುವುದು ಚಟಕ್ಕೆ ಹೇಳುವ ನೆಪ. ದೃಷ್ಟಿ ತೆಗೆಯುವುದರಲ್ಲೇ ದಿನ ಕಳೆದು ಆಸ್ಪತ್ರೆಗೆ ತಡವಾದರೆ ನಷ್ಟ ನಮಗೇ.

ಬಾಣಂತಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಬಾಣಂತಿಗೆ ನೀರು ಕೊಟ್ಟರೆ ಶೀತ, ಹೊಟ್ಟೆ ಬರುತ್ತದೆ ಎಂದು ನೀರನ್ನೇ ಅಳೆದು ಕೊಡುವ ರೂಢಿ ನಮ್ಮಲ್ಲಿದೆ. ಇದು ಅಪಾಯ. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟಬಹುದು. ಅದರ ಮೊದಲ ಗುರುತು ಬಿಡದ ತಲೆನೋವು, ಆಮೇಲೆ ವಾಂತಿ, ಫಿಟ್ಸ್, ಕೈಕಾಲು ಬೀಳುವುದು. ಬಾಣಂತಿ ಕೇಳಿದಷ್ಟು ಕುದಿಸಿ ಆರಿಸಿದ ನೀರು ಕೊಡಿ. ತಲೆನೋವು ಎಂದರೆ "ಶೀತ ಆಗಿದೆ, ಕಿವಿಗೆ ಹತ್ತಿ ಇಡು" ಎಂದು ಸುಮ್ಮನಾಗಬೇಡಿ. ಅತ್ತೆಯಂದಿರು, ತಾಯಂದಿರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಂಥ ತಲೆನೋವಿಗೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆ

* ಹಿಂದೆಂದೂ ಇಲ್ಲದಂಥ ಭಾರಿ ನೋವು ಸಿಡಿಲು ಹೊಡೆದಂತೆ ಒಮ್ಮೆಗೇ ಬಂದರೆ
* ಜ್ವರದ ಜೊತೆ ತಲೆನೋವು ಬಂದು ಕತ್ತು ಬಗ್ಗದಂತಾದರೆ
* ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲಿನ ಬಲ ಹೋದರೆ, ಫಿಟ್ಸ್ ಬಂದರೆ, ಪ್ರಜ್ಞೆ ಮಂಕಾದರೆ
* ಐದು ತಿಂಗಳು ತುಂಬಿದ ಗರ್ಭಿಣಿಗೆ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈ ಊದಿದರೆ. ಬಾಣಂತಿಗೆ ಬಿಡದ ತಲೆನೋವು ಬಂದರೆ
* ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಹೆಚ್ಚುತ್ತಾ ಹೋದರೆ, ವಾಂತಿಯಾದರೆ
* ಕಣ್ಣು ಕೆಂಪಾಗಿ ನೋಯುತ್ತಾ, ದೀಪದ ಸುತ್ತ ಬಣ್ಣದ ಬಳೆ ಕಂಡರೆ

ಇವುಗಳಿಗೆ 108ಕ್ಕೆ ಫೋನು ಮಾಡಿ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾದರೆ, ಬೆಳಿಗ್ಗೆ ಏಳುವಾಗಲೇ ನೋವು, ವಾಂತಿ ಇದ್ದು ವಾರದಿಂದ ವಾರಕ್ಕೆ ಹೆಚ್ಚಿದರೆ, ಮಕ್ಕಳಿಗೆ ಪದೇ ಪದೇ ಬಂದರೆ ಡಾಕ್ಟರಿಗೆ ತೋರಿಸಿ. ಗರ್ಭನಿರೋಧಕ ಗುಳಿಗೆ ನುಂಗುವವರಿಗೆ ಅರೆತಲೆನೋವಿಗೆ ಮೊದಲು ಕಣ್ಣೆದುರು ಬೆಳಕಿನ ಗೆರೆ ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಲೇಬೇಕು. ಅಂಥವರಿಗೆ ಬೇರೆ ವಿಧಾನ ಬೇಕಾಗಬಹುದು.

ತಲೆನೋವಿಗೂ ಒಂದು ಲೆಕ್ಕ ಇರಲಿ

ಲೆಕ್ಕ ಬರೆಯುವುದು ನಮಗೆ ಹೊಸದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನ ಒಂದು ಗುಣಿಸು ಗುರುತು, ಮಾತ್ರೆ ನುಂಗಿದ ದಿನ ಒಂದು ಸೊನ್ನೆ ಹಾಕಿ. ಹಿಂದಿನ ದಿನ ಊಟ ತಪ್ಪಿತ್ತೇ, ನಿದ್ದೆ ಕೆಟ್ಟಿತ್ತೇ, ಬಿಸಿಲಿಗೆ ಹೋಗಿದ್ದಿರಾ, ಮುಟ್ಟಾಗಿದ್ದಿರಾ ಎಂದು ಒಂದು ಪದದಲ್ಲಿ ಬರೆಯಿರಿ. ಎರಡು ತಿಂಗಳಲ್ಲಿ ನಿಮ್ಮ ತಲೆನೋವಿನ ಕಾರಣ ನಿಮ್ಮ ಕಣ್ಣಿಗೇ ಕಾಣುತ್ತದೆ. ಸೊನ್ನೆಗಳು ತಿಂಗಳಿಗೆ ಎಂಟು ಹತ್ತು ಆಗುತ್ತಿದ್ದರೆ ಅದೇ ಎಚ್ಚರಿಕೆ. ಡಾಕ್ಟರ ಹತ್ತಿರ ಹೋಗುವಾಗ ಆ ಕ್ಯಾಲೆಂಡರನ್ನೇ ಒಯ್ಯಿರಿ.

ಇಲ್ಲಿ ಹೇಳಿದ ಯಾವುದಕ್ಕೂ ಹೆಚ್ಚು ಖರ್ಚಿಲ್ಲ. ಆದರೆ ಒಂದು ಬೇಕು: ನಮಗೂ ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ನೋವು ಬಂದಾಗ ಅರ್ಧ ಗಂಟೆ ಮಲಗುವ ಹಕ್ಕು ಇದೆ ಎಂದು ನಾವೇ ಒಪ್ಪಿಕೊಳ್ಳಬೇಕು. ಆ ಹೊತ್ತಿನಲ್ಲಿ ನೀರು ತರುವುದು, ಒಲೆ ಹಚ್ಚುವುದು ಗಂಡನೂ ಮಕ್ಕಳೂ ಮಾಡಬಹುದಾದ ಕೆಲಸವೇ. ಕೇಳಿ ನೋಡಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ತಿಂಗಳಿಗೆ ಹತ್ತು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ನುಂಗುವವರು ಎಷ್ಟು ಮಂದಿ?
2. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ ಇದೆಯೇ? ಇಲ್ಲವಾದರೆ ಯಾರನ್ನು ಕೇಳಬೇಕು?
3. ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು ಎಲ್ಲರ ರಕ್ತ, ಬಿ.ಪಿ. ಮತ್ತು ಕಣ್ಣಿನ ತಪಾಸಣೆಗೆ ಒಂದು ದಿನ ಗೊತ್ತು ಮಾಡೋಣವೇ?
4. ನಮ್ಮ ಊರಿನಲ್ಲಿ ಈಗ ಬಾಣಂತಿಯರು ಯಾರಿದ್ದಾರೆ? ಅವರಿಗೆ ಸಾಕಷ್ಟು ನೀರು ಸಿಗುತ್ತಿದೆಯೇ? ಈ ವಾರವೇ ಹೋಗಿ ನೋಡಿಕೊಂಡು ಬರುವವರು ಯಾರು?